ಕಾರ್ಕಳದಿಂದ ಕಳಸ, ಹೊರನಾಡು, ಹನುಮನಗುಂಡಿ: ಒಂದೇ ದಿನದಲ್ಲಿ, ರೂಮು ಮಾಡದೆ

‘ಹೊರನಾಡಿಗೆ ಹೋದರೆ ರೂಮು ಮಾಡಬೇಕು, ಇಲ್ಲವೇ ಜಲಪಾತದ ಆಸೆ ಬಿಡಬೇಕು’ ಎನ್ನುವುದು ನಮ್ಮ ಕರಾವಳಿ ಕಡೆ ಎಲ್ಲರೂ ಹೇಳುವ ಮಾತು. ನನ್ನ ಲೆಕ್ಕವನ್ನು ಯಾರೂ ನಂಬಿರಲಿಲ್ಲ. ಈಗ ಅದೇ ಜನ ಹೊರಡುವ ಮುಂಚೆ ಫೋನ್ ಮಾಡಿ ಸಮಯ ಕೇಳುತ್ತಾರೆ. ಎರಡು ದೇವಸ್ಥಾನ, ಊಟ, ಎರಡು ಅಬ್ಬಿ (ಜಲಪಾತ), ಕತ್ತಲಾಗುವ ಮೊದಲು ಘಾಟಿಯ ಬುಡದ ಮಾಳ ಅರಣ್ಯ ಗೇಟು. ಇಷ್ಟೂ ಆಗುತ್ತದೆ.

ಎಲ್ಲರ ಲೆಕ್ಕ ತಪ್ಪುವುದು ಒಂದೇ ಕಡೆ. ಘಾಟಿ ಹತ್ತಿ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ) ದಾಟಿದರೆ ಮೊದಲು ಸಿಗುವುದು ಹನುಮನಗುಂಡಿ ಅಬ್ಬಿ. ದಾರಿಯಲ್ಲೇ ಇದೆಯಲ್ಲ ಎಂದು ಇಳಿಯುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಟಿಕೆಟ್ ಕೌಂಟರ್ ತೆರೆದಿರುವುದಿಲ್ಲ, ತೆರೆದ ಮೇಲೆ ಇಳಿದು ಹತ್ತುವಷ್ಟರಲ್ಲಿ ಒಂದೂವರೆ ತಾಸು ಹೋಯಿತು. ಒದ್ದೆ ಬಟ್ಟೆ ಬದಲಿಸಿ ಕಳಸ ಮುಟ್ಟಿದರೆ ಮಧ್ಯಾಹ್ನ, ಕಳಸೇಶ್ವರನ ಬಾಗಿಲು ಹಾಕಿರುತ್ತದೆ. ಹೊರನಾಡಿನಲ್ಲಿ ಊಟದ ಕೊನೆಯ ಪಂಕ್ತಿಗೆ ಓಡಬೇಕು. ದೇವಸ್ಥಾನಕ್ಕೆ ಬಾಗಿಲು ಹಾಕುವ ಹೊತ್ತು ಇದೆ, ಅಬ್ಬಿ ಸಂಜೆಯವರೆಗೂ ಕಾಯುತ್ತದೆ. ಹಾಗಾಗಿ ಹೋಗುವಾಗ ಕಾಡಿನಲ್ಲಿ ಎಲ್ಲೂ ನಿಲ್ಲಬಾರದು.

ಬೆಳಿಗ್ಗೆ ಐದೂವರೆಗೆ ಕಾರ್ಕಳ ಬಿಡಬೇಕು. ಹಿಂದಿನ ದಿನವೇ ಟ್ಯಾಂಕ್ ತುಂಬಿಸಿರಬೇಕು, ಬಜಗೋಳಿ ಕಳೆದ ಮೇಲೆ ಕಳಸದವರೆಗೆ ಬಂಕ್ ನೆಚ್ಚಿಕೊಳ್ಳಬಾರದು. ಮಾಳ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಆ ಹೊತ್ತಿನೊಳಗೆ ಆಚೆ ಗೇಟು ದಾಟದಿದ್ದರೆ, ನಡುವೆ ಕಂಡಕಂಡಲ್ಲಿ ನಿಲ್ಲಿಸಿದರೆ ದಂಡ. ಬೆಳಗಿನ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ. ಡಿಮ್ಮಿನಲ್ಲೇ, ತಿರುವಿಗೊಂದು ಹಾರ್ನ್ ಹಾಕಿ ನಡೆಯಬೇಕು. ಕುದುರೆಮುಖ ಪೇಟೆಯಲ್ಲಿ ತಿಂಡಿ ಮಾಡುವ ಯೋಜನೆ ಬೇಡ. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಊರು ಬರಿದಾಗಿದೆ. ಬುತ್ತಿ ಸ್ಟೀಲ್ ಡಬ್ಬಿಯಲ್ಲಿರಲಿ, ಪ್ಲಾಸ್ಟಿಕ್ ಮನೆಯಲ್ಲೇ ಇರಲಿ.

ಎಂಟೂಕಾಲರ ಆಸುಪಾಸಿಗೆ ಕಳಸ. ಆ ಹೊತ್ತಿಗೆ ಜನ ಇರುವುದಿಲ್ಲ, ಮೆಟ್ಟಿಲು ಹತ್ತಿ ನಿಧಾನವಾಗಿ ದರ್ಶನ ಮಾಡಬಹುದು. ಅಲ್ಲಿಂದ ಅಂಬಾತೀರ್ಥಕ್ಕೆ ಅರ್ಧ ತಾಸು ಕೊಡಿ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಶಾಸನದ ಬಂಡೆ ಅಲ್ಲೇ ಇದೆ. ನೋಡಿ, ನೀರಿಗಿಳಿಯಬೇಡಿ: ಭದ್ರೆ ಅಲ್ಲಿ ಬಂಡೆಗಳ ನಡುವೆ ಸುಳಿ ಸುತ್ತುತ್ತಾಳೆ, ಮೇಲಿನಿಂದ ಆಳ ತಿಳಿಯುವುದಿಲ್ಲ. ಹೊರನಾಡಿಗೆ ಎಂಟು ಕಿಲೋಮೀಟರ್. ಮಳೆ ಜೋರಾದರೆ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಆಗ ಹಳುವಳ್ಳಿ ಕಡೆಯಿಂದ ಸುತ್ತಬೇಕು. ಸೇತುವೆಯ ಸುದ್ದಿಯನ್ನು ಕಳಸದಲ್ಲೇ ಬಸ್ಸಿನವರಲ್ಲಿ ವಿಚಾರಿಸಿ.

ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಗಂಡಸರು ಅಂಗಿ ತೆಗೆಯಬೇಕು, ಶಲ್ಯ ಕೈಯಲ್ಲೇ ಇರಲಿ. ಹನ್ನೊಂದಕ್ಕೆ ಸಾಲಿನಲ್ಲಿ ನಿಂತರೆ ಮೊದಲ ಪಂಕ್ತಿಗಳಲ್ಲೇ ಊಟ ಸಿಗುತ್ತದೆ. ವಾಹನ ಎಲ್ಲಿ ನಿಲ್ಲಿಸಿದರೆ ಊಟದ ನಂತರದ ನೂಕುನುಗ್ಗಲಿಗೆ ಸಿಗದೆ ಹೊರಬೀಳಬಹುದು ಎನ್ನುವುದನ್ನು ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನನಗೇ ಜಾಗ ಇರುವುದಿಲ್ಲ.

ಒಂದೂವರೆಗೆ ಹೊರನಾಡು ಬಿಡಲೇಬೇಕು. ಮಕ್ಕಳಿದ್ದರೆ ಪಾಯಸ ಒಂದೇ ಸೌಟು. ಸಂಸೆಯ ಟೀ ತೋಟದ ತಿರುವುಗಳಲ್ಲಿ ವಾಂತಿಯಾಗಿ ನಿಲ್ಲಿಸಿದರೆ ಇಪ್ಪತ್ತು ನಿಮಿಷ ಹೋಗುತ್ತದೆ. ವಾಪಸ್ ಬರುವಾಗ ಕಳಸ ಕಡೆಯ ಗೇಟಿನಲ್ಲಿ ‘ಹನುಮನಗುಂಡಿಗೆ ಇಳಿಯುತ್ತೇವೆ’ ಎಂದು ಮೊದಲೇ ಹೇಳಿ, ಅಲ್ಲಿನ ಟಿಕೆಟನ್ನು ಚೀಟಿಯ ಜೊತೆಗೇ ಇಟ್ಟುಕೊಳ್ಳಿ. ಕಡಾಂಬಿ ಅಬ್ಬಿ ರಸ್ತೆಬದಿಯಲ್ಲೇ ಇದೆ, ಐದು ನಿಮಿಷ ಸಾಕು. ಹನುಮನಗುಂಡಿಗೆ ಮೂರೂವರೆಯೊಳಗೆ ಮುಟ್ಟಬೇಕು. ಸೂತನಬ್ಬಿ ಎಂದೂ ಕರೆಯುವ ಇದು ನೂರಡಿಯ ಅಬ್ಬಿ. ಇಳಿಯಲು ಹದಿನೈದು ನಿಮಿಷವಾದರೆ ಹತ್ತಲು ಮೂವತ್ತು. ಮೆಟ್ಟಿಲಿನ ಅಂಚಿನಲ್ಲೇ ಪಾಚಿ ಹೆಚ್ಚು, ಕಾಲು ನಡುವಿನಲ್ಲಿಡಿ. ಸವೆದ ರಬ್ಬರ್ ಚಪ್ಪಲಿ ಬೇಡವೇ ಬೇಡ. ಜುಲೈ, ಆಗಸ್ಟಿನಲ್ಲಿ ನೀರು ವಿಪರೀತವಾದರೆ ಇಳಿಯಲು ಬಿಡುವುದಿಲ್ಲ. ಅಕ್ಟೋಬರ್, ನವೆಂಬರ್ ನನ್ನ ಪ್ರಕಾರ ಸರಿಯಾದ ಕಾಲ: ನೀರೂ ಇರುತ್ತದೆ, ಉಂಬಳವೂ (ಜಿಗಣೆ) ಕಡಿಮೆ.

ಉಂಬಳದ ವಿಷಯದಲ್ಲಿ ನಾನು ಮಾಡದ ಪ್ರಯೋಗ ಇಲ್ಲ. ಉಪ್ಪು ಮೊದಲ ಮಳೆಗೇ ಕರಗಿ ಹೋಗುತ್ತದೆ. ಸೋಪು ತಿಕ್ಕಿದ ಕಾಲುಚೀಲ ಕೆಲಸ ಮಾಡುತ್ತದೆ, ಆದರೆ ಅದೆಲ್ಲ ತೊಳೆದು ಹಳ್ಳಕ್ಕೆ ಸೇರುತ್ತದೆ, ಕಾಡಿನಲ್ಲಿ ಅದು ಬೇಡ. ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ, ಕಾಲುಚೀಲವನ್ನು ಅದರಲ್ಲಿ ಅದ್ದಿ ಒಣಗಿಸಿದ್ದು ಹೆಚ್ಚು ಬಾಳಿತು. ಅದರ ಪ್ರಮಾಣ ನನ್ನಲ್ಲೇ ಇರಲಿ. ಒತ್ತಾಗಿ ನೇಯ್ದ ಎರಡು ಜೊತೆ ಕಾಲುಚೀಲ ಹಾಕಿ ಪ್ಯಾಂಟನ್ನು ಒಳಗೆ ತುರುಕಿದರೂ ಮುಕ್ಕಾಲು ಪಾಲು ತಡೆಯುತ್ತದೆ.

ದುಡ್ಡಿನ ಲೆಕ್ಕ ಸುಮಾರಾಗಿ ಹೀಗೆ: ಹೋಗಿಬರಲು 180 ಕಿಲೋಮೀಟರ್, ಘಾಟಿಯಲ್ಲಿ ಲೀಟರಿಗೆ 14ರ ಮೇಲೆ ನಿರೀಕ್ಷಿಸಬೇಡಿ, ಪೆಟ್ರೋಲಿಗೆ 1,300–1,400 ರೂಪಾಯಿ. ಟಿಕೆಟ್, ಪಾರ್ಕಿಂಗಿಗೆಂದು ಮುನ್ನೂರು, ಕಾಣಿಕೆ ನಿಮ್ಮಿಷ್ಟ. ಐದು ಜನಕ್ಕೆ ಹಂಚಿದರೆ ತಲೆಗೆ ನಾನೂರು ದಾಟುವುದಿಲ್ಲ. ರೂಮು ಮಾಡಿದ್ದರೆ ಅದರ ಬಾಡಿಗೆ ಇದರ ಮೇಲೆ. ಕಾಡಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ, ನಗದು ಇಟ್ಟುಕೊಳ್ಳಿ.

ಶೃಂಗೇರಿಯನ್ನೂ ಇದಕ್ಕೇ ಸೇರಿಸಿ ನೋಡಿದ್ದಾಯಿತು. ಎಸ್.ಕೆ. ಬಾರ್ಡರಿನಿಂದ ತನಿಕೋಡು ಮೇಲೆ ಹೋಗಿಬರುವಷ್ಟರಲ್ಲಿ ರಾತ್ರಿಯಾಗುತ್ತದೆ, ಘಾಟಿ ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಶೃಂಗೇರಿ, ಕಿಗ್ಗಾ, ಸಿರಿಮನೆ ಅಬ್ಬಿ ಮೂರನ್ನೂ ಇನ್ನೊಂದು ದಿನಕ್ಕೆ ಇಡಿ.

ನಾಲ್ಕೂಮುಕ್ಕಾಲಿಗೆ ಹನುಮನಗುಂಡಿ ಬಿಟ್ಟರೆ ಆರಕ್ಕೆ ಮಾಳ. ಇಳಿಜಾರಿನಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಒತ್ತಿಹಿಡಿದುಕೊಂಡೇ ಬಂದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಮೊದಲು ಸಿಗುವ ಅಗಲವಾದ ಕಡೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಡೊಂಕಾಗುತ್ತದೆ.