ಶ್ರೀಲಂಕಾದಲ್ಲಿ ಕಾಣೆಯಾದ ಬಂಧುವಿನ ಕುರಿತು ಮಂಗಳೂರಿನಿಂದ ಮನವಿ ಸಲ್ಲಿಸುವ ಬಗೆ

ಭಾರತ ಮೂಲದ ತಮಿಳರನ್ನು ವಾಪಸ್ ಕರೆಸಿಕೊಳ್ಳಲು ಭಾರತ ಮತ್ತು ಶ್ರೀಲಂಕಾ ಮಾಡಿಕೊಂಡ 1964ರ ಸಿರಿಮಾ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳ ಬಂಧುಗಳು 2009ರಲ್ಲಿ ಮುಗಿದ ಅಂತರ್ಯುದ್ಧದ ಕಾಲದಲ್ಲಿ ಸೇನೆಯ ವಶದಿಂದ ಕಾಣೆಯಾಗಿದ್ದರೆ, ಮಂಗಳೂರಿನಲ್ಲಿ ಕುಳಿತೇ ವಿಶ್ವಸಂಸ್ಥೆಯ ಬಲವಂತದ ಕಣ್ಮರೆಗಳ (ಸರ್ಕಾರದ ಕಡೆಯವರು ಕರೆದೊಯ್ದು ಸುಳಿವು ಕೊಡದ ಪ್ರಕರಣಗಳ) ಕಾರ್ಯಪಡೆಗೆ ಮನವಿ ಕಳುಹಿಸಬಹುದು, ವಕೀಲರು ಕಡ್ಡಾಯವಲ್ಲ. ಮೊದಲು ಕುಟುಂಬದ ಸ್ಪಷ್ಟ ಒಪ್ಪಿಗೆ ಪಡೆಯಿರಿ, ಅದಿಲ್ಲದೆ ಮುಂದುವರಿಯಲೇಬಾರದು. ಬಳಿಕ ಪೂರ್ಣ ಹೆಸರು, ಕೊನೆಯ ಬಾರಿ ಕಂಡ ಸ್ಥಳ, ಕರೆದೊಯ್ದವರ ಸಮವಸ್ತ್ರ, ವಾಹನ, ಆಡಿದ ಭಾಷೆ ಇವನ್ನೆಲ್ಲ ವಯಸ್ಸಾದ ತಾಯಿಯನ್ನು ಅವಸರಪಡಿಸದೆ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ತಾರೀಕು ನೆನಪಾಗದಿದ್ದರೂ ತಿಂಗಳು, ವರ್ಷ ಬೇಕೇ ಬೇಕು. ದೀಪಾವಳಿಗೆ ಮೊದಲೋ ನಂತರವೋ ಎಂದು ಕೇಳಿದರೆ ಎಷ್ಟೋ ಸಲ ನೆನಪು ಬಿಚ್ಚಿಕೊಳ್ಳುತ್ತದೆ. ಮೂಲ ಫೋಟೊ ಮನೆಯಲ್ಲೇ ಇರಲಿ, ಪ್ರತಿ ಸಾಕು. ಶ್ರೀಲಂಕಾದ 2016ರ ಕಾಯ್ದೆಯಡಿ ರಚನೆಯಾದ ಕಾಣೆಯಾದವರ ಕಚೇರಿಗೂ ಅದೇ ವಿವರ ಕಳುಹಿಸಿ. ಮರಣ ಪ್ರಮಾಣಪತ್ರಕ್ಕೆ ಒಪ್ಪುವಂತೆ ಮಾತ್ರ ಕುಟುಂಬವನ್ನು ಯಾರೂ ಒತ್ತಾಯಿಸಬಾರದು.