ತೋಟದ ರೈಟರ್, ಠಾಣೆಯ ರೈಟರ್ ಮತ್ತು ನಮ್ಮ ಕೊಲೆಗಳು

ನಾನು ಸಿದ್ದಾಪುರದ ಆಚೆ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ: ತೋಟದ ರೈಟರ್ ಅಂದರೆ ಕಥೆ ಬರೆಯುವವನಲ್ಲ, ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ, ಗೊಬ್ಬರದ ಲೆಕ್ಕ ಬರೆಯುವವನು. ರಾತ್ರಿ ಊಟ ಆದಮೇಲೆ ಮಾತ್ರ ನಾನು ಇನ್ನೊಂದು ತರದ ರೈಟರ್. ಪತ್ತೇದಾರಿ ಕಥೆ ಬರೆಯುತ್ತೇನೆ. ಇದುವರೆಗೆ ಹನ್ನೊಂದು ಜನರನ್ನು ಕೊಂದಿದ್ದೇನೆ, ಅದರಲ್ಲಿ ನಾಲ್ವರು ತೋಟದ ಮಾಲೀಕರು. ನಮ್ಮ ಸಾಹುಕಾರ್ರು ಕಥೆ ಗಿತೆ ಓದುವುದಿಲ್ಲ, ಸದ್ಯ.

ಈ ಹುಚ್ಚು ಅಪ್ಪನಿಂದ ಬಂದದ್ದು. ಅವರು ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಕಾದಂಬರಿ ತರುತ್ತಿದ್ದರು. ನಾಲ್ಕನೇ ಕ್ಲಾಸಿನವರೆಗೆ ಓದಿದ ಮನುಷ್ಯ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತು ಮಾಡಿದರು. ಒಮ್ಮೆ ಅಪ್ಪ ತಂದ ಪುಸ್ತಕದ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ ಪೆನ್ಸಿಲ್‌ನಲ್ಲಿ ಗೀಚಿದ್ದ: 'ಕೊಂದಿದ್ದು ಸೋದರಮಾವ.' ಅಪ್ಪ ಆ ದಿನ ಊಟ ಮಾಡಲಿಲ್ಲ. ನಾನು ಹೇಳುವುದು ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ತಟ್ಟೆ ಸರಿಸಿ ಎದ್ದು ಹೋದರು.

ಹಾಗಾಗಿ ನಾವು ನಾಲ್ಕು ಜನ ವಾಟ್ಸಾಪಿನಲ್ಲಿ ಒಂದು ಕೂಟ ಮಾಡಿಕೊಂಡಾಗ ನಾನು ಹಾಕಿದ ಮೊದಲ ನಿಯಮ ಅದೇ. ಕೊಲೆಗಾರ ಯಾರು ಅಂತ ಬಾಯಿಬಿಟ್ಟವನು ಹೊರಗೆ. ಈಗ ಹದಿನಾರು ಜನ ಇದ್ದೇವೆ. ಬರೆಯುವವರು ಆರು, ಉಳಿದವರೆಲ್ಲ ಬರೀ ಓದುವವರು. ಓದುವವರೇ ಜಾಸ್ತಿ ಅಪಾಯ.

ನಮ್ಮ ಪದ್ಧತಿ ಸುಲಭ. ಕಥೆಯನ್ನು ಕೊನೆಯ ಅಧ್ಯಾಯ ಬಿಟ್ಟು ಹಾಕುವುದು. ಮೂರು ದಿನದೊಳಗೆ ಎಲ್ಲರೂ ಲೇಖಕನಿಗೆ ಒಬ್ಬನಿಗೇ, ಬೇರೆಯಾಗಿ, ತಮ್ಮ ಊಹೆ ಕಳಿಸಬೇಕು. ಬರೀ ಹೆಸರು ಸಾಲದು, ಯಾವ ಸಾಲಿನಲ್ಲಿ ಅನುಮಾನ ಬಂತು ಅಂತಲೂ ಹೇಳಬೇಕು. ಹತ್ತು ಜನ ಸರಿಯಾಗಿ ಹೇಳಿದರೆ ಸುಳಿವು ತೀರಾ ಎದ್ದು ಕಾಣುತ್ತಿದೆ ಅಂತ ಅರ್ಥ. ಯಾರೂ ಹೇಳದಿದ್ದರೆ ಖುಷಿ ಪಡಬೇಡಿ, ನೀವು ಸುಳಿವನ್ನೇ ಕೊಟ್ಟಿಲ್ಲ ಅಂತ ಅರ್ಥ. ಇಬ್ಬರೋ ಮೂವರೋ ಹಿಡಿದರೆ ಕಥೆ ಸರಿಯಿದೆ. ನನ್ನ ಮೊದಲ ಕಥೆಗೆ ಹದಿಮೂರು ಜನ ಸರಿ ಉತ್ತರ ಕೊಟ್ಟರು. ನಾನು ಎರಡು ದಿನ ಫೋನ್ ಮುಟ್ಟಲಿಲ್ಲ.

ಕೂಟದಲ್ಲಿ ನನಗೆ ತೀರಾ ಹತ್ತಿರದವರು ಮೂವರು. ಹೆಸರು ಬೇಡ, ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದೂ ಇಲ್ಲ. ಒಬ್ಬರು ಬಳ್ಳಾರಿ ಅಣ್ಣ, ಹಾರ್ಡ್‌ವೇರ್ ಅಂಗಡಿ. ಒಬ್ಬರು ಸಿಸ್ಟರ್, ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವರು. ಇನ್ನೊಬ್ಬರು ಮಂಡ್ಯ ಕಡೆಯವರು, ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿ ನಿವೃತ್ತರಾದವರು. ಠಾಣೆಯಲ್ಲಿ ದೂರು, ಪಂಚನಾಮೆ, ಕಡತ ಬರೆಯುವವರಿಗೂ ರೈಟರ್ ಅಂತಲೇ ಹೇಳುತ್ತಾರಲ್ಲ. ಅವರು ನನಗೆ ಹಾಕಿದ ಮೊದಲ ಮೆಸೇಜೇ, 'ನೀವೂ ರೈಟ್ರು, ನಾನೂ ರೈಟ್ರು, ಇಬ್ಬರಿಗೂ ಸಂಬಳ ಕಮ್ಮಿ.'

ಬಳ್ಳಾರಿ ಅಣ್ಣನ ಸ್ನೇಹ ಆದದ್ದು ಜಗಳದಿಂದ. ಅವರು ಕೊಡಗಿಗೆ ಬಾರದೆಯೇ ಕೊಡಗಿನ ಕಥೆ ಬರೆದಿದ್ದರು. ಅದರಲ್ಲಿ ಇನ್ಸ್‌ಪೆಕ್ಟರ್ ಒಬ್ಬ ಕೊಡವ ಮುದುಕರ ಮನೆಗೆ ಹೋಗಿ, 'ಕೋವಿಗೆ ಲೈಸೆನ್ಸ್ ಇದೆಯಾ?' ಅಂತ ಗದರಿಸುತ್ತಾನೆ, ಮುದುಕರು ನಡುಗುತ್ತಾರೆ. ನಡುಗುವುದಾ! ಕೊಡವರಿಗೂ ಜಮ್ಮಾ (ತಲೆತಲಾಂತರದಿಂದ ಬಂದ ಜಮೀನು) ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ ಬಂದದ್ದು, ಕೇಂದ್ರ ಸರಕಾರ 2019ರಲ್ಲಿ ಅದನ್ನು ಮತ್ತೆ 2029ರವರೆಗೆ ಮುಂದುವರಿಸಿದೆ. ಕೇಳುವುದಿದ್ದರೆ ವಿನಾಯಿತಿ ಪತ್ರ ಕೇಳಬೇಕು. ನಾನು ಇದನ್ನು ಸ್ವಲ್ಪ ಖಾರವಾಗಿಯೇ ಬರೆದೆ. ಅವರು, 'ಯಪ್ಪಾ, ಹಂಗಾದ್ರ ನನ್ನ ಕತಿ ಅರ್ಧ ಬಿತ್ತಲ್ರೀ' ಅಂದರು. ಒಂದು ವಾರ ಸುಮ್ನಿದ್ದು, ಮುದುಕರು ನಗುತ್ತಾ ಪತ್ರ ತಂದು ತೋರಿಸುವ ಹಾಗೆ ತಿದ್ದಿದರು. ಇನ್ಸ್‌ಪೆಕ್ಟರ್ ಪೆಚ್ಚಾಗುತ್ತಾನೆ. ಕಥೆಯಲ್ಲಿ ಅದೇ ಒಳ್ಳೆಯ ಜಾಗ ಈಗ.

ನನಗೂ ಸರಿಯಾಗಿ ಬಿದ್ದಿದೆ. ನನ್ನ ಕಥೆಯಲ್ಲಿ ಹೆಣ ಸತ್ತ ಅರ್ಧ ಗಂಟೆಗೆ ಕಟ್ಟಿಗೆ ಹಾಗೆ ಸೆಟೆದಿತ್ತು. ಸಿಸ್ಟರ್ ಬರೆದರು, 'ತಮ್ಮಾ, ಶುರುವಾಗೋದಕ್ಕೇ ಎರಡು ಮೂರು ಗಂಟೆ ಬೇಕು, ಮೈಯೆಲ್ಲ ಸೆಟೆಯೋಕೆ ಹನ್ನೆರಡು ಗಂಟೆ ಹತ್ತಿರ. ಅದೂ ನಿಮ್ಮೂರಿನ ಮಳೆಗಾಲದ ಚಳಿಯಲ್ಲಿ ಇನ್ನೂ ನಿಧಾನ.' ಠಾಣೆ ರೈಟರ್ ಬೇರೆ. 2024ರ ಆಗಸ್ಟಿನಲ್ಲಿ ನಡೆಯುವ ಕೊಲೆಗೆ ನಾನು ಹಳೇ ದಂಡ ಸಂಹಿತೆಯ 302 ಅಂತ ಕೇಸು ಹಾಕಿಸಿದ್ದೆ. ಆ ವರ್ಷ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಕೊಲೆಗೆ ಈಗ 103. '302 ಅಂದ್ರೆ ಒಂದು ಗತ್ತು ಇತ್ತು ಸ್ವಾಮಿ, 103 ಅಂದ್ರೆ ಜ್ವರ ಬಂದಂಗೆ' ಅಂದರು. ಧಾರವಾಡದ ಒಬ್ಬ ಮೇಷ್ಟ್ರು ಇದ್ದಾರೆ, ಒಂದು ಸಾಲೂ ಬರೆದವರಲ್ಲ. ಹುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬ, ಆದ ನಾಲ್ಕನೇ ರಾತ್ರಿ ಇಡೀ ಕಗ್ಗತ್ತಲು ಅಂತ ನಾನು ಬರೆದದ್ದನ್ನು ಹಿಡಿದವರು ಅವರು. ಹುತ್ತರಿ ಬರುವುದೇ ಹುಣ್ಣಿಮೆಗೆ, ಮತ್ತೆ ನಾಲ್ಕು ದಿನಕ್ಕೆ ಚಂದ್ರ ಎಲ್ಲಿಗೆ ಹೋದ? ಕೊಡಗಿನವನಾಗಿ ನನಗೆ ಹೊಳೆಯಲಿಲ್ಲ.

ಹೋದ ವರ್ಷ ಸರಪಳಿ ಕಥೆ ಶುರು ಮಾಡಿದೆವು. ಲಂಡನ್ನಿನಲ್ಲಿ 1930ರಲ್ಲಿ ಪತ್ತೇದಾರಿ ಲೇಖಕರೇ ಸೇರಿ ಡಿಟೆಕ್ಷನ್ ಕ್ಲಬ್ ಅಂತ ಕಟ್ಟಿಕೊಂಡಿದ್ದರು. ಚೆಸ್ಟರ್ಟನ್ ಮೊದಲ ಅಧ್ಯಕ್ಷರು, ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಎಲ್ಲ ಇದ್ದರು. ಓದುಗರಿಂದ ಮುಖ್ಯ ಸುಳಿವು ಮುಚ್ಚಿಡುವುದಿಲ್ಲ ಅಂತ ಪ್ರಮಾಣ ಬೇರೆ ಮಾಡುತ್ತಿದ್ದರಂತೆ. ಅವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸೇರಿ ಒಂದೇ ಕಾದಂಬರಿಯನ್ನು ತಲಾ ಒಂದು ಅಧ್ಯಾಯದಂತೆ ಬರೆದರು. ಮುಂದಿನವರಿಗೆ ಸುಮ್ನೆ ಗಂಟು ಹಾಕಿ ಕೊಟ್ಟು ಓಡುವ ಹಾಗಿಲ್ಲ, ನಿಮ್ಮ ಮನಸ್ಸಿನ ಪರಿಹಾರವನ್ನೂ ಬರೆದು ಕೊಡಬೇಕು. ನಾವು ಅದನ್ನೇ ಎತ್ತಿಕೊಂಡೆವು. ಪರಿಹಾರಗಳನ್ನೆಲ್ಲ ಸಿಸ್ಟರ್ ಹತ್ತಿರ ಇಡುವುದು, ಅವರ ಬಾಯಿ ಬೀಗ.

ನನ್ನ ಸರದಿ ಬಂದದ್ದು ಜುಲೈನಲ್ಲಿ. ಬಳ್ಳಾರಿ ಅಣ್ಣ ನಾನು ಸಾಕಿಟ್ಟಿದ್ದ ಅನುಮಾನದ ಆಸಾಮಿಯನ್ನೇ ಕೊಂದು ಕಳಿಸಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಮರ ಬಿದ್ದು ಲೈನ್ ಹೋಯಿತು, ಕರೆಂಟಿಲ್ಲ, ಟವರ್ ಸತ್ತಿತು. ನೆಟ್‌ವರ್ಕ್ ಸಿಗುವ ಏರಿಗೆ ಹೋಗೋಣ ಅಂದರೆ ದಾರಿಯಲ್ಲಿ ಆನೆ ಬೀಡುಬಿಟ್ಟಿತ್ತು. ನಾಲ್ಕನೇ ದಿನ ಬೆಳಿಗ್ಗೆ ಬಸ್‌ಸ್ಟಾಪಿನ ದಿನಸಿ ಅಂಗಡಿಯವರು ಹುಡುಗನನ್ನು ಓಡಿಸಿದರು. 'ಯಾರೋ ಪೊಲೀಸಿನವರು ನಿಮ್ಮನ್ನು ಕೇಳ್ತಿದ್ದಾರೆ.' ಆಳುಗಳ ಲೈನ್ ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಜಿಗಣೆ ಕಿತ್ತುಕೊಳ್ಳುತ್ತಾ ಓಡಿದೆ.

ಅಂಗಡಿಯ ಫೋನಿನಲ್ಲಿ ನಮ್ಮ ಠಾಣೆ ರೈಟರ್! ಅವರಿಗೆ ನನ್ನ ತೋಟ ಗೊತ್ತಿರಲಿಲ್ಲ, ನಿಜವಾದ ಹೆಸರೂ ಗೊತ್ತಿರಲಿಲ್ಲ, ನಾನು ಬರೆಯುವುದು ಕಾವ್ಯನಾಮದಲ್ಲಿ. ಫೋನ್ ಸತ್ತಿದೆ ಅಂತ ಗೊತ್ತಾದಾಗ ಎಲ್ಲರೂ ಕೂತು ನನ್ನ ಕಥೆಗಳನ್ನು ಜಾಲಾಡಿದ್ದರು. ಒಂದು ಕಥೆಯಲ್ಲಿ ಸಿದ್ದಾಪುರದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಇನ್ನೊಂದರಲ್ಲಿ ಬಸ್ ಇಳಿದರೆ ಬಲಕ್ಕೆ ಅತ್ತಿಮರ. ಮೂರನೆಯದರಲ್ಲಿ ಮರದ ಕೆಳಗೆ ದಿನಸಿ ಅಂಗಡಿ, ಅಂಗಡಿಯವನಿಗೆ ಎಡಗಿವಿ ಕೇಳಿಸದು. ಅಷ್ಟು ಹಿಡಿದುಕೊಂಡು ಹಳೆಯ ಪರಿಚಯದವರಿಗೆಲ್ಲ ಫೋನ್ ಮಾಡಿ ಅಂಗಡಿ ನಂಬರ್ ಹುಡುಕಿದ್ದಾರೆ. ಅಂಗಡಿಯವರು ಫೋನನ್ನು ಎಡಗಿವಿಗೇ ಇಟ್ಟುಕೊಂಡು ಹತ್ತು ನಿಮಿಷ 'ಆಂ? ಆಂ?' ಅಂದರಂತೆ.

'ಬದುಕಿದ್ದೀರಾ?' ಅಂತ ಕೇಳಿದರು. ಇದ್ದೇನೆ ಅಂದೆ. 'ಕೊಲೆ ಮಾಡಿ ತಪ್ಪಿಸ್ಕೊಳ್ಳೋ ಯೋಗ್ಯತೆ ನಿಮಗಿಲ್ಲ ಸ್ವಾಮಿ, ಮೂರೇ ದಿನಕ್ಕೆ ಸಿಕ್ಕಿಬಿದ್ರಿ. ಅಧ್ಯಾಯ ನಿಧಾನಕ್ಕೆ ಕಳ್ಸಿ.' ನನಗೆ ಗಂಟಲು ಕಟ್ಟಿತು. ಮಳೆ ಜೋರಿತ್ತು, ಅವರಿಗೆ ಗೊತ್ತಾಗಿರಲಿಕ್ಕಿಲ್ಲ.

ಆ ವರ್ಷದ ಹುತ್ತರಿಗೆ ಮೂವರೂ ಬಂದರು. ಸಾಹುಕಾರ್ರು ದೊಡ್ಡ ಮನಸ್ಸಿನವರು, ನನ್ನ ನೆಂಟರು ಅಂದಾಗ ಮನೆಗೇ ಕರೆದರು. ಬೆಳದಿಂಗಳಲ್ಲಿ ಗದ್ದೆಗೆ ಹೋದೆವು. ಕದಿರು ಕುಯ್ಯುವ ಹೊತ್ತಿಗೆ 'ಪೊಲಿ ಪೊಲಿ ದೇವಾ' ಅಂತ ಕೂಗು, ಪಕ್ಕದಲ್ಲೇ ಢಂ ಅಂತ ಕೋವಿ. ಕಥೆಗಳಲ್ಲಿ ಆರು ಜನರನ್ನು ಗುಂಡಿಟ್ಟು ಕೊಂದ ಬಳ್ಳಾರಿ ಅಣ್ಣ ಬದುವಿನಿಂದ ಕೆಸರಿಗೆ ಹಾರಿದರು.

ಆಮೇಲೆ ತಂಬಿಟ್ಟು ತಿನ್ನುತ್ತಾ, ಪಂಚೆ ಒಣಗಿಸಿಕೊಳ್ಳುತ್ತಾ ಅಂದರು, 'ಇಷ್ಟು ಸಪ್ಪಳ ಆಗತೈತಂತ ಗೊತ್ತಿರಲಿಲ್ರೀ. ನನ್ನ ಕತಿಯೊಳಗ ಬಾಜೂ ಮನಿಯವ್ರಿಗೆ ಕೇಳಿಸೇ ಇಲ್ಲ. ತಿದ್ದಬೇಕು.'

ದೂರದಲ್ಲಿ ಇನ್ನೊಂದು ಮನೆಯ ಗದ್ದೆಯಿಂದ ಢಂ. ಅದರಾಚೆ ಮತ್ತೊಂದು.

ಸಿಸ್ಟರ್ ಮೆಲ್ಲಗೆ ಅಂದರು, 'ಇವತ್ತು ರಾತ್ರಿ ಯಾರಾದ್ರೂ ಯಾರನ್ನಾದ್ರೂ ಹೊಡೆದ್ರೆ ಒಬ್ಬರೂ ತಿರುಗಿ ನೋಡಲ್ಲ, ಅಲ್ವಾ?'

ಮೂವರೂ ಒಟ್ಟಿಗೆ ತಟ್ಟೆ ಕೆಳಗಿಟ್ಟೆವು. ಈ ಐಡಿಯಾ ಯಾರಿಗೆ ಸೇರಬೇಕು ಅಂತ ರಾತ್ರಿ ಒಂದು ಗಂಟೆಯವರೆಗೆ ಜಗಳ. ಕೊನೆಗೆ ಹೇಳಿದ್ದು ಸಿಸ್ಟರ್, ಹಾಗಾಗಿ ಬರೆಯುವುದೂ ಅವರೇ ಅಂತಾಯಿತು. ಇದುವರೆಗೆ ಒಂದು ಸಾಲೂ ಬರೆಯದ ಸಿಸ್ಟರ್ ಈಗ ಒಂಬತ್ತನೇ ಅಧ್ಯಾಯದಲ್ಲಿದ್ದಾರೆ. ನನ್ನ ಊಹೆ ಮೊನ್ನೆ ಕಳಿಸಿದೆ. ಒಂದು ನಗುವ ಬೊಂಬೆ ಹಾಕಿ ಸುಮ್ಮನಾಗಿದ್ದಾರೆ.