ಗಸಿ ಕುದಿಪಾತ್ರೆಯಲ್ಲೇ ಉಳಿಯಲಿ: ನನ್ನ ಅನುಭವ

ಮನೆಯಲ್ಲೇ ಬಿಯರ್ ತಯಾರಿಸುವವರು ವರ್ಟ್ ಎಂಬ ಸಿಹಿರಸವನ್ನು ಕುದಿಸುವ ತನಕ ತೋರುವ ಶ್ರದ್ಧೆಯನ್ನು ಒಲೆ ಆರಿಸಿದ ಮೇಲೆ ತೋರುವುದು ಕಡಿಮೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸಿ, ಸಿಹಿರಸ ಬಸಿದು, ಕಹಿ ಕೊಡುವ ಹಾಪ್ಸ್ ಹೂ ಹಾಕಿ ಕುದಿಸುವಷ್ಟರಲ್ಲಿ ಅರ್ಧ ದಿನ ಕಳೆದು ಮೈ ದಣಿದಿರುತ್ತದೆ. ಬೇಗ ತಣಿಸಿ, ಪಾತ್ರೆಯನ್ನು ಫರ್ಮೆಂಟರ್‌ಗೆ (ಹುದುಗುವ ಪಾತ್ರೆಗೆ) ಬಗ್ಗಿಸಿ, ಯೀಸ್ಟ್ ಹಾಕಿ ಮುಚ್ಚಿಬಿಟ್ಟರೆ ಸಾಕೆನಿಸುತ್ತದೆ. ನನ್ನ ಮಟ್ಟಿಗೆ ಆಗ ಉಳಿದಿರುವ ಮುಕ್ಕಾಲು ಗಂಟೆಯೇ ಇಡೀ ದಿನದ ಮುಖ್ಯ ಭಾಗ. ತಳದ ಗಸಿಯನ್ನು ಕುದಿಪಾತ್ರೆಯಲ್ಲೇ ಉಳಿಸಿ, ತಿಳಿಯಾದ ವರ್ಟನ್ನು ಮಾತ್ರ ಫರ್ಮೆಂಟರ್‌ಗೆ ಇಳಿಸಲು ನಾನು ರೂಢಿಸಿಕೊಂಡಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಸೋಸುವ ಕೆಲಸ ಬಹುತೇಕ ಇಲ್ಲ. ತಿರುಗಿಸಬೇಕು, ಕಾಯಬೇಕು, ಕೊನೆಯ ಒಂದೆರಡು ಲೀಟರ್‌ಗಳ ಆಸೆ ಬಿಡಬೇಕು.

ಗಸಿಯಲ್ಲಿ ಮೂರು ಬಗೆಯ ಪದಾರ್ಥ ಸೇರಿರುತ್ತದೆ. ಕುದಿಯುವಾಗ ಮಾಲ್ಟ್‌ನ ಪ್ರೋಟೀನ್‌ಗಳು ಪಾಲಿಫಿನಾಲ್‌ಗಳ ಜೊತೆ ಕೂಡಿ ಗರಣೆಗಟ್ಟುವುದು ಹಾಟ್ ಬ್ರೇಕ್. ವರ್ಟ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣಿಯುವಾಗ ಇನ್ನೂ ಸಣ್ಣ ಕಣಗಳಾಗಿ ಬೇರ್ಪಡುವುದು ಕೋಲ್ಡ್ ಬ್ರೇಕ್. ಇವುಗಳ ಜೊತೆಗೆ ಹಾಪ್ಸ್‌ನ ಹುಡಿ. ಇದೆಲ್ಲ ಸ್ವಲ್ಪ ಪ್ರಮಾಣದಲ್ಲಿ ಫರ್ಮೆಂಟರ್‌ಗೆ ಹೋದರೆ ಬಿಯರ್ ಕೆಡುವುದಿಲ್ಲ. ಅದರಲ್ಲಿರುವ ಕೊಬ್ಬಿನಾಮ್ಲಗಳೂ ಸತುವೂ ಯೀಸ್ಟ್‌ಗೆ ಪೋಷಣೆಯೇ. ಆದ್ದರಿಂದ ವರ್ಟ್ ಲವಲೇಶವೂ ಮಸುಕಿಲ್ಲದಂತೆ ಇರಬೇಕೆಂಬ ಹಟ ನನಗಿಲ್ಲ. ಫರ್ಮೆಂಟರ್‌ನ ತಳದಲ್ಲಿ ನಾಲ್ಕು ಬೆರಳು ದಪ್ಪ ಕೆಸರು ಕೂರಬಾರದು, ಅಷ್ಟೇ. ಅದು ಕುಳಿತಷ್ಟು ಬಿಯರ್ ನಷ್ಟವಾಗುತ್ತದೆ, ಬಾಟಲಿಗೆ ತುಂಬುವಾಗ ಸೈಫನ್ ಕಟ್ಟಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ಸಲಕ್ಕೆಂದು ತೆಗೆದಿಡುವ ಯೀಸ್ಟ್‌ನಲ್ಲಿ ಹಾಪ್ಸ್ ಮತ್ತು ಪ್ರೋಟೀನಿನ ಕಸ ಬೆರೆತಿರುತ್ತದೆ. ಯೀಸ್ಟನ್ನು ಮರಳಿ ಬಳಸುವ ಅಭ್ಯಾಸವಿರುವ ನನಗೆ ಈ ಕೊನೆಯ ಕಾರಣವೊಂದೇ ಸಾಕು.

ಕೆಲಸ ಶುರುವಾಗುವುದು ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಮ್ಯಾಷ್ ಹಂತದಲ್ಲೇ. ಮೊದಲು ಇಳಿಯುವ ಒಂದೆರಡು ಲೀಟರ್ ಸಿಹಿರಸ ಹಿಟ್ಟಿನಿಂದ ಮಸುಕಾಗಿರುತ್ತದೆ. ಅದನ್ನು ಜಗ್ಗಿನಲ್ಲಿ ಹಿಡಿದು, ಕಾಳಿನ ಹಾಸಿನ ಮೇಲೆ ಮೆಲ್ಲಗೆ ಮರಳಿ ಸುರಿಯುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಹೊಟ್ಟೇ ಜರಡಿಯಾಗಿ ರಸ ತಿಳಿಯಾಗಿ ಇಳಿಯತೊಡಗುತ್ತದೆ. ಕಾಳನ್ನು ಚೀಲದಲ್ಲಿ ನೆನೆಸುವವರಿಗೆ ಈ ಅನುಕೂಲವಿಲ್ಲ. ಅವರು ಚೀಲವನ್ನು ಬಿಗಿಯಾಗಿ ಹಿಂಡದೆ ತಾನಾಗಿ ಬಸಿಯಲು ಬಿಟ್ಟರೆ ಹಿಟ್ಟು ಕಡಿಮೆಯಾಗುತ್ತದೆ.

ಹಾಪ್ಸ್ ವಿಷಯದಲ್ಲಿ ನನ್ನ ಆಯ್ಕೆ ಸ್ಟೀಲ್ ಜಾಲರಿಯ ಬುಟ್ಟಿ. ಗುಳಿಗೆ ರೂಪದ ಹಾಪ್ಸ್ ಬಿಸಿ ವರ್ಟ್‌ಗೆ ಬಿದ್ದ ಕ್ಷಣವೇ ಬಿಚ್ಚಿಕೊಂಡು ನುಣ್ಣನೆಯ ಹಸಿರು ರಾಡಿಯಾಗುತ್ತದೆ. ಅದರ ಬಹುಪಾಲು ಬುಟ್ಟಿಯಲ್ಲೇ ಉಳಿಯುತ್ತದೆ. ಬುಟ್ಟಿಯೊಳಗೆ ವರ್ಟ್ ಸರಾಗವಾಗಿ ಆಡುವುದಿಲ್ಲವಾದ್ದರಿಂದ ಕಹಿ ತುಸು ಕಡಿಮೆ ಇಳಿಯುತ್ತದೆ. ಅದನ್ನು ಆಗಾಗ ಎತ್ತಿ ಮುಳುಗಿಸುವುದರಿಂದಲೂ ಹಾಪ್ಸ್ ಸ್ವಲ್ಪ ಹೆಚ್ಚಿಸುವುದರಿಂದಲೂ ಸರಿದೂಗಿಸಬಹುದು. ಇಡೀ ಹೂವಿನ ಹಾಪ್ಸ್ ಬಳಸುವವರ ಲೆಕ್ಕ ಬೇರೆ. ಅವರ ಪಾತ್ರೆಯಲ್ಲಿ ತೂತುತಟ್ಟೆ ಇದ್ದರೆ ಹೂವುಗಳೇ ಅದರ ಮೇಲೆ ಹಾಸಾಗಿ ಕುಳಿತು ಗಸಿಯನ್ನು ತಡೆಯುತ್ತವೆ.

ಕುದಿತ ಮುಗಿಯಲು ಹದಿನೈದು ನಿಮಿಷ ಇರುವಾಗ ಐರಿಷ್ ಮಾಸ್ ಹಾಕುತ್ತೇನೆ. ಇದು ಕೆಂಪು ಕಡಲಪಾಚಿ. 20 ಲೀಟರ್‌ಗೆ ಸುಮಾರು ಒಂದು ಟೀ ಚಮಚ ಸಾಕು. ಇದರಲ್ಲಿರುವ ಕ್ಯಾರಜೀನನ್‌ಗೆ ಋಣ ವಿದ್ಯುದಂಶ, ವರ್ಟ್‌ನ ಪ್ರೋಟೀನ್‌ಗಳಿಗೆ ಧನ ವಿದ್ಯುದಂಶ. ಎರಡೂ ಪರಸ್ಪರ ಸೆಳೆದುಕೊಂಡು ದೊಡ್ಡ ಚಕ್ಕೆಗಳಾಗುತ್ತವೆ, ದೊಡ್ಡ ಚಕ್ಕೆ ಬೇಗ ತಳ ಸೇರುತ್ತದೆ. ಒಲೆ ಆರಿಸಿದ ಮೇಲೆ ಗಾಜಿನ ಲೋಟದಲ್ಲಿ ಸ್ವಲ್ಪ ವರ್ಟ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಮಂಕಾದ ದ್ರವದ ಬದಲು, ತಿಳಿಯಾದ ಚಿನ್ನದ ಬಣ್ಣದ ನಡುವೆ ಬಿಳಿಯ ತುಣುಕುಗಳು ತೇಲಾಡುತ್ತಾ ಒಂದೊಂದಾಗಿ ಇಳಿಯುವುದು ಕಾಣುತ್ತದೆ. ಆ ಲೋಟವನ್ನು ನೋಡಿದಾಗಲೇ ಉಳಿದ ಕೆಲಸ ಸುಗಮವಾಗುವುದೆಂದು ನನಗೆ ಧೈರ್ಯ ಬರುತ್ತದೆ.

ಮುಂದಿನದು ತಣಿಸುವುದು. ನಾನು ವರ್ಟ್‌ನಲ್ಲಿ ಮುಳುಗಿಸುವ ತಾಮ್ರದ ಸುರುಳಿಯನ್ನು ಬಳಸುತ್ತೇನೆ. ಬೇಗ ತಣಿದಷ್ಟೂ ಕೋಲ್ಡ್ ಬ್ರೇಕ್ ಚೆನ್ನಾಗಿ ಬೇರ್ಪಡುತ್ತದೆ, ಹಾಗಾಗಿ ನೀರು ಹರಿಯುತ್ತಿರುವಾಗ ಸುರುಳಿಯನ್ನು ಅಲ್ಲಾಡಿಸುತ್ತಲೇ ಇರುತ್ತೇನೆ. 20 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಅದನ್ನು ಹೊರತೆಗೆಯುವುದು ಕಡ್ಡಾಯ. ಒಳಗೇ ಬಿಟ್ಟು ತಿರುಗಿಸಿದರೆ ಕೊಳವೆಯ ಪ್ರತಿ ಸುತ್ತೂ ಹರಿವಿಗೆ ಅಡ್ಡ ಬಂದು ಸುಳಿ ಮುರಿಯುತ್ತದೆ.

ಈಗ ಸುಳಿ ಎಬ್ಬಿಸುವ ಹಂತ. ಚಹಾ ಕಪ್ಪನ್ನು ಚಮಚದಿಂದ ತಿರುಗಿಸಿ ಬಿಟ್ಟರೆ ಸೊಪ್ಪು ಅಂಚಿಗೆ ಹೋಗದೆ ನಡುವೆ ಗುಡ್ಡೆಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಐನ್‌ಸ್ಟೈನ್ 1926ರಲ್ಲಿ ನದಿಗಳು ಬಳಸಿ ಹರಿಯುವ ಬಗೆಯನ್ನು ವಿವರಿಸುವಾಗ ಇದಕ್ಕೆ ಕಾರಣ ಕೊಟ್ಟಿದ್ದರು. ತಿರುಗುವ ದ್ರವ ತಳದಲ್ಲಿ ಘರ್ಷಣೆಯಿಂದ ನಿಧಾನವಾಗುತ್ತದೆ. ಅಂಚಿನ ಒತ್ತಡ ಆ ನಿಧಾನದ ಪದರವನ್ನು ನಡುವಿಗೆ ತಳ್ಳುತ್ತದೆ. ಅದರ ಜೊತೆ ಕಣಗಳೂ ಜಾರಿ ಬಂದು ಗುಡ್ಡೆಯಾಗುತ್ತವೆ. ಕುದಿಪಾತ್ರೆಯಲ್ಲೂ ಇದೇ ನಡೆಯುತ್ತದೆ. ಸೋಂಕುನಿವಾರಕದಲ್ಲಿ ಅದ್ದಿದ ಉದ್ದ ಹಿಡಿಯ ಸೌಟನ್ನು ಪಾತ್ರೆಯ ಗೋಡೆಗುಂಟ ಒಂದೇ ದಿಕ್ಕಿನಲ್ಲಿ, ಒಂದೆರಡು ನಿಮಿಷ, ನಡುವೆ ತಗ್ಗು ಬೀಳುವ ತನಕ ತಿರುಗಿಸುತ್ತೇನೆ. ನೊರೆ ಎಬ್ಬಿಸುವ ರಭಸ ಬೇಡ, ಇಡೀ ದ್ರವ ಒಟ್ಟಾಗಿ ಸುತ್ತಿದರೆ ಸಾಕು. ಸೌಟು ತೆಗೆದು ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಪಾತ್ರೆಯನ್ನು ಮುಟ್ಟುವುದಿಲ್ಲ. ಆ ಹೊತ್ತಿನಲ್ಲಿ ಫರ್ಮೆಂಟರ್ ಮತ್ತು ಕೊಳವೆಗಳನ್ನು ಸೋಂಕುನಿವಾರಕದಿಂದ ತೊಳೆದು ಸಿದ್ಧಮಾಡಿಕೊಳ್ಳುತ್ತೇನೆ.

ಬಿಸಿಯಾಗಿರುವಾಗಲೇ ಸುಳಿ ಎಬ್ಬಿಸುವವರೂ ಇದ್ದಾರೆ. ಪ್ಲೇಟ್ ಚಿಲ್ಲರ್ (ತೆಳು ತಟ್ಟೆಗಳ ಸಂದಿನಲ್ಲಿ ವರ್ಟ್ ಹರಿಸಿ ತಣಿಸುವ ಸಾಧನ) ಇದ್ದವರಿಗೆ ಅದು ಅನಿವಾರ್ಯ, ಏಕೆಂದರೆ ಹಾಪ್ಸ್ ಹುಡಿ ಹೊಕ್ಕರೆ ಅದರ ಕಿರಿದಾದ ಸಂದುಗಳು ಕಟ್ಟಿಕೊಳ್ಳುತ್ತವೆ. ಆದರೆ ಬಿಸಿ ವರ್ಟ್ ಸುಮ್ಮನೆ ನಿಂತಿರುವಷ್ಟೂ ಹೊತ್ತು ಹಾಪ್ಸ್‌ನ ಕಹಿ ಇಳಿಯುತ್ತಲೇ ಇರುತ್ತದೆ. ಪಿಲ್ಸ್‌ನರ್‌ನಂತಹ ಬಿಳಿ ಮಾಲ್ಟ್ ಆಗಿದ್ದರೆ ಬೇಯಿಸಿದ ಜೋಳದ ವಾಸನೆ ಕೊಡುವ ಡಿಎಂಎಸ್ (ಡೈಮೀಥೈಲ್ ಸಲ್ಫೈಡ್) ಕೂಡ ಹುಟ್ಟುತ್ತಿರುತ್ತದೆ, ಕುದಿತ ನಿಂತಿರುವುದರಿಂದ ಅದು ಹಾರಿಹೋಗುವುದೂ ಕಡಿಮೆ. ತಣಿದ ಮೇಲೆ ತಿರುಗಿಸುವುದರಿಂದ ಕೋಲ್ಡ್ ಬ್ರೇಕ್ ಕೂಡ ಅದೇ ಗುಡ್ಡೆಗೆ ಸೇರುತ್ತದೆ. ನಾನು ಇದನ್ನೇ ಮೆಚ್ಚುತ್ತೇನೆ. ಸೋಂಕು ತಗುಲುವ ಅಪಾಯ ಹೆಚ್ಚು ಎಂಬುದು ನಿಜ, ಅದಕ್ಕೇ ಸೌಟಿನಿಂದ ಹಿಡಿದು ಮುಚ್ಚಳದವರೆಗೆ ಎಲ್ಲವೂ ಶುಚಿಯಾಗಿರಬೇಕು.

ಇಳಿಸುವಾಗ ಅವಸರಪಡುವಂತಿಲ್ಲ. ಪಾತ್ರೆಯೊಳಗಿನ ಹೀರುಕೊಳವೆಯ ಬಾಯಿಯನ್ನು ನಡುವಿನ ಗುಡ್ಡೆಯಿಂದ ದೂರ, ಗೋಡೆಯ ಪಕ್ಕಕ್ಕೆ ತಿರುಗಿಸಿರುತ್ತೇನೆ. ನಲ್ಲಿಯೊಳಗೇ ಒಂದಿಷ್ಟು ಗಸಿ ಕುಳಿತಿರುವುದರಿಂದ ಮೊದಲ ಅರ್ಧ ಲೀಟರನ್ನು ಜಗ್ಗಿಗೆ ಹಿಡಿದು ಪಕ್ಕಕ್ಕಿಡುತ್ತೇನೆ. ಆಮೇಲೆ ನಲ್ಲಿಯನ್ನು ಅರ್ಧ ಮಾತ್ರ ತೆರೆಯುತ್ತೇನೆ. ಪೂರ್ತಿ ತೆರೆದರೆ ಸೆಳೆತಕ್ಕೆ ಗುಡ್ಡೆಯ ಅಂಚು ಕರಗಿ ಕೊಳವೆಯತ್ತ ಹರಿದು ಬರುತ್ತದೆ. ಈ ಹಂತದಲ್ಲಿ ವರ್ಟ್ ಎತ್ತರದಿಂದ ಬಿದ್ದು ನೊರೆಗಟ್ಟಿದರೆ ಒಳ್ಳೆಯದೇ. ಯೀಸ್ಟ್‌ಗೆ ಬೇಕಾದ ಆಮ್ಲಜನಕ ಸೇರುತ್ತದೆ. ಹುದುಗಿದ ಮೇಲೆ ಮಾತ್ರ ಹೀಗೆ ಮಾಡಬಾರದು.

ಪಾತ್ರೆಯನ್ನು ಓರೆ ಮಾಡುವುದಿದ್ದರೆ ಸುಳಿ ನಿಂತ ಕೂಡಲೇ, ಗಸಿ ಗಟ್ಟಿಯಾಗುವ ಮೊದಲು, ನಲ್ಲಿಯ ಎದುರು ಬದಿಗೆ ತೆಳ್ಳನೆಯ ಹಲಗೆ ಕೊಟ್ಟುಬಿಡಿ. ಕೊನೆಯಲ್ಲಿ ಎತ್ತಿದರೆ ಗುಡ್ಡೆ ಜಾರಿ ಅಷ್ಟು ಹೊತ್ತಿನ ಕಾಯುವಿಕೆ ವ್ಯರ್ಥವಾಗುತ್ತದೆ. ಮಟ್ಟ ಇಳಿಯುತ್ತಾ ಬಂದಂತೆ ಟಾರ್ಚ್ ಹಿಡಿದು ಮೇಲಿನಿಂದ ನೋಡುತ್ತೇನೆ. ಮೊದಲು ಗುಡ್ಡೆಯ ನೆತ್ತಿ ಕಾಣುತ್ತದೆ, ಬೂದುಹಸಿರು ಬಣ್ಣ. ಆಮೇಲೆ ಅದರ ಸುತ್ತ ತಿಳಿಯಾದ ವರ್ಟ್‌ನ ಉಂಗುರ. ಆ ಉಂಗುರ ಕಿರಿದಾದಂತೆ ನಲ್ಲಿಯನ್ನು ಇನ್ನಷ್ಟು ಬಿಗಿಮಾಡುತ್ತೇನೆ. ಕೊಳವೆಯಲ್ಲಿ ಮೊದಲ ಮಸುಕು ಎಳೆ ಕಂಡ ಕ್ಷಣ ನಿಲ್ಲಿಸುತ್ತೇನೆ.

ಫರ್ಮೆಂಟರ್ ಬಾಯಿಗೆ ಸಣ್ಣ ಕಣ್ಣಿನ ಜರಡಿ ಇಡಬೇಕೆಂದು ಹಲವರು ಹೇಳುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಪ್ರೋಟೀನಿನ ಕಣಗಳು ಮೊದಲು ಜರಡಿಯ ಕಣ್ಣು ಮುಚ್ಚುತ್ತವೆ, ಕೆರೆದರೆ ಸಣ್ಣದಾಗಿ ಒಡೆದು ಕೆಳಕ್ಕಿಳಿದೇಬಿಡುತ್ತವೆ. ತಪ್ಪಿಸಿಕೊಂಡ ಹಾಪ್ಸ್ ಚೂರುಗಳನ್ನು ಹಿಡಿಯಲು ದೊಡ್ಡ ಕಣ್ಣಿನ ಜರಡಿ ಇದ್ದರೆ ಸಾಕು.

ಈ ಕ್ರಮದಲ್ಲಿ ಒಂದೆರಡು ಲೀಟರ್ ತಳದಲ್ಲೇ ಉಳಿಯುತ್ತದೆ. ಅದನ್ನು ಪಾಕದ ಲೆಕ್ಕದಲ್ಲೇ ಸೇರಿಸಿಕೊಳ್ಳುವುದು ಜಾಣತನ: ಫರ್ಮೆಂಟರ್‌ಗೆ 20 ಲೀಟರ್ ಬೇಕಿದ್ದರೆ ಕುದಿತದ ಕೊನೆಗೆ 22 ಲೀಟರ್ ಇರುವಂತೆ ಮಾಲ್ಟ್, ನೀರು, ಹಾಪ್ಸ್ ಮೂರನ್ನೂ ಹೆಚ್ಚಿಸುತ್ತೇನೆ. ಹೀಗೆ ಮಾಡಿದ ಮೇಲೆ ಕೊನೆಯ ಹನಿಯನ್ನೂ ಬಗ್ಗಿಸಿಕೊಳ್ಳುವ ಚಪಲ ತಾನಾಗಿಯೇ ಹೋಗುತ್ತದೆ. ಉಳಿದದ್ದನ್ನು ಚೆಲ್ಲುವುದೂ ಇಲ್ಲ. ಮೊದಲು ಪಕ್ಕಕ್ಕಿಟ್ಟ ಅರ್ಧ ಲೀಟರ್ ಜೊತೆ ಶುದ್ಧವಾದ ಜಾಡಿಗೆ ತುಂಬಿ ರಾತ್ರಿಯಿಡೀ ಫ್ರಿಜ್‌ನಲ್ಲಿಡುತ್ತೇನೆ. ಬೆಳಗ್ಗೆ ಮೇಲೆ ತಿಳಿಯಾದ ವರ್ಟನ್ನು ಬಸಿದು, ಇನ್ನೊಮ್ಮೆ ಚೆನ್ನಾಗಿ ಕುದಿಸಿ ತಣಿಸಿದರೆ, ಯೀಸ್ಟ್ ಬೆಳೆಸಲು ಸ್ಟಾರ್ಟರ್ ಸಿದ್ಧ.